ಒಂದೇ ರಕ್ತಹೀನತೆ, ಎರಡು ಬೇರೆ ಕಾರಣ: ರುಮಟಾಯ್ಡ್ ಸಂಧಿವಾತದಲ್ಲಿ ಕೆಂಪು ರಕ್ತಕಣದ ಪಾತ್ರ ಕುರಿತ ಪ್ರಕರಣ ಅಧ್ಯಯನ

ರುಮಟಾಯ್ಡ್ ಸಂಧಿವಾತವನ್ನು ಕೀಲುಗಳ ಕಾಯಿಲೆ ಎಂದು ಹೇಳುವುದು ರೂಢಿ. ಆದರೆ ಈ ಕಾಯಿಲೆಯುಳ್ಳವರ ರಕ್ತಪರೀಕ್ಷೆಯ ವರದಿಯನ್ನು ಓದಲು ಕುಳಿತರೆ ಸಾಲುಸಾಲಿನಲ್ಲೂ ಕೆಂಪು ರಕ್ತಕಣವೇ ಎದುರಾಗುತ್ತದೆ. ಹಿಮೋಗ್ಲೋಬಿನ್ ಇಳಿದಿದೆ ಎಂದರೆ ಕೆಂಪು ಕಣಗಳ ಉತ್ಪಾದನೆಗೋ ಆಯುಸ್ಸಿಗೋ ಪೆಟ್ಟು ಬಿದ್ದಿದೆ, ಇಲ್ಲವೇ ರಕ್ತ ಸೋರಿದೆ ಎಂದರ್ಥ. ಉರಿಯೂತವನ್ನು ಅಳೆಯಲು ನಾವು ನೆಚ್ಚಿಕೊಂಡಿರುವ ಇ.ಎಸ್.ಆರ್. ಎಂಬುದು ಕೆಂಪು ಕಣಗಳು ಗಾಜಿನ ಕೊಳವೆಯಲ್ಲಿ ಒಂದು ಗಂಟೆಯಲ್ಲಿ ಎಷ್ಟು ಕೆಳಗಿಳಿಯುತ್ತವೆ ಎಂಬುದರ ಅಳತೆ. ಚಿಕಿತ್ಸೆಗೆ ಕೊಡುವ ಮೆಥೋಟ್ರೆಕ್ಸೇಟ್ ಕೂಡ ಮೂಳೆಯ ಮಜ್ಜೆಯಲ್ಲಿ ಬೆಳೆಯುತ್ತಿರುವ ಕೆಂಪು ಕಣದೊಳಗೆ ಸೇರಿಕೊಂಡು, ಆ ಕಣ ಬದುಕಿರುವವರೆಗೂ ಅಲ್ಲಿಯೇ ಉಳಿಯುತ್ತದೆ. 1940ರಲ್ಲಿ ನಾರ್ವೆಯ ಎರಿಕ್ ವಾಲರ್ ರುಮಟಾಯ್ಡ್ ಫ್ಯಾಕ್ಟರ್ ಎಂಬ ಪ್ರತಿಕಾಯವನ್ನು ಗುರುತಿಸಿದ್ದು ಸಹ ಕುರಿಯ ಕೆಂಪು ರಕ್ತಕಣಗಳು ರೋಗಿಯ ಸೀರಮ್ಮಿನಲ್ಲಿ ಗಂಟುಕಟ್ಟುವುದನ್ನು ಗಮನಿಸಿ. ಹೀಗಾಗಿ ಈ ಕಾಯಿಲೆಯಲ್ಲಿ ಕೆಂಪು ಕಣವು ಹಾನಿಗೊಳಗಾಗುವ ಅಂಗಾಂಶವೂ ಹೌದು, ನಮ್ಮ ಅಳತೆಯ ಸಾಧನವೂ ಹೌದು. ಸಾಧನವೇ ಕೆಟ್ಟಿರುವಾಗ ಅದು ತೋರಿಸುವ ಅಂಕಿಯನ್ನು ಹೇಗೆ ಓದಬೇಕು ಎಂಬ ಪ್ರಶ್ನೆ ಈ ಪ್ರಕರಣದ ಜೀವಾಳ.

ಗುರುತು ಹತ್ತಬಹುದಾದ ವೈಯಕ್ತಿಕ ವಿವರಗಳನ್ನು ಇಲ್ಲಿ ಬದಲಿಸಲಾಗಿದೆ. ಊರು, ಆಸ್ಪತ್ರೆಗಳು ಮತ್ತು ವೈದ್ಯರ ಹೆಸರುಗಳನ್ನು ಕೊಟ್ಟಿಲ್ಲ.

ಹಿನ್ನೆಲೆ

ಆಕೆ ಮಲೆನಾಡಿನ ಅಡಿಕೆ ಸೀಮೆಯವರು, ಐವತ್ತು ದಾಟಿದವರು, ಮುಟ್ಟು ನಿಂತು ಎರಡು ವರ್ಷಗಳಾಗಿದ್ದವು. ಕೊಯ್ಲಿನ ತಿಂಗಳುಗಳಲ್ಲಿ ತೋಟದವರ ಮನೆಗಳಿಗೆ ಹೋಗಿ ಅಡಿಕೆ ಸುಲಿಯುವುದು, ಉಳಿದ ಕಾಲದಲ್ಲಿ ತೋಟದ ಕೂಲಿ ಮಾಡುವುದು ಆಕೆಯ ಜೀವನೋಪಾಯವಾಗಿತ್ತು. ಸುಲಿಯುವ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಅದು ಕೈಯಿಂದ ಏನನ್ನು ಬೇಡುತ್ತದೆ ಎಂಬುದು ಗೊತ್ತು. ಮೆಟ್ಟುಗತ್ತಿಯ ಮುಂದೆ ಕುಳಿತು, ಹಸಿ ಕಾಯಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಬಿಗಿಯಾಗಿ ಹಿಡಿದು, ಅಲಗಿಗೆ ಒತ್ತಿ, ಮುಂಗೈಯನ್ನು ತಿರುಗಿಸಿ ಸಿಪ್ಪೆ ಬಿಡಿಸಬೇಕು. ಎಷ್ಟು ಸುಲಿದರೆ ಅಷ್ಟು ಕೂಲಿ ಎಂಬ ಲೆಕ್ಕವಿರುವುದರಿಂದ ರಾತ್ರಿ ಬಹಳ ಹೊತ್ತಿನವರೆಗೂ ಕೈ ನಿಲ್ಲುವುದಿಲ್ಲ.

ಮೊದಲು ನೋವು ಬಂದದ್ದು ಈ ಕೈಗಳಿಗೇ. ಎರಡೂ ಕೈಗಳ ಬೆರಳಿನ ಬುಡಗಳು ಊದಿಕೊಳ್ಳತೊಡಗಿದವು; ಬೆಳಿಗ್ಗೆ ಎದ್ದಾಗ ಒಂದು ಗಂಟೆಗೂ ಹೆಚ್ಚು ಹೊತ್ತು ಮುಷ್ಟಿ ಕಟ್ಟಲಾಗುತ್ತಿರಲಿಲ್ಲ. ಸುಲಿತದ ಕೆಲಸ ಮಾಡುವವರಿಗೆ ಕೈನೋವು ಇದ್ದದ್ದೇ ಎಂದು ಮನೆಯವರೂ ಆಕೆಯೂ ಅದನ್ನು ಬದಿಗಿಟ್ಟರು. ವೈದ್ಯರ ಬಳಿಗೆ ಹೋಗುವಂತೆ ಮಾಡಿದ್ದು ನೋವಲ್ಲ, ಸುಸ್ತು. ತೋಟದ ಏರು ಹತ್ತುವಾಗ ಏದುಸಿರು ಬರುತ್ತಿತ್ತು. ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 8.9 ಗ್ರಾಂ ಇತ್ತು. ಗರ್ಭಿಣಿಯಲ್ಲದ ವಯಸ್ಕ ಮಹಿಳೆಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ನಮ್ಮ ಹಳ್ಳಿಗಳಲ್ಲಿ ರಕ್ತಹೀನತೆ ಎಂದರೆ ಕಬ್ಬಿಣದ ಕೊರತೆ ಎಂದೇ ಭಾವಿಸುವುದು ಸಹಜ, ಮತ್ತು ಬಹಳಷ್ಟು ಸಲ ಅದು ಸರಿಯೂ ಹೌದು. ಆಕೆಗೆ ಕಬ್ಬಿಣದ ಮಾತ್ರೆಗಳನ್ನು ಕೊಡಲಾಯಿತು. ಮಾತ್ರೆ ತೆಗೆದುಕೊಂಡರೆ ಮಲ ಕಪ್ಪಾಗುತ್ತದೆ, ಹೆದರಬೇಡಿ ಎಂದೂ ತಿಳಿಸಲಾಯಿತು. ಈ ಸಣ್ಣ ಮಾತು ಮುಂದೆ ದೊಡ್ಡ ಪಾತ್ರ ವಹಿಸಿತು.

ತಿಂಗಳುಗಟ್ಟಲೆ ತಪ್ಪದೆ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಕದಲಲಿಲ್ಲ. ಕೈಗಳು ಮಾತ್ರ ಇನ್ನಷ್ಟು ಊದಿದವು. ಆಗ ಆಕೆಯನ್ನು ಸಂಧಿವಾತ ವಿಭಾಗಕ್ಕೆ ಕಳುಹಿಸಲಾಯಿತು.

ಮೊದಲ ಸಮಸ್ಯೆ: ಕಬ್ಬಿಣವಿದ್ದೂ ಸಿಗದ ಸ್ಥಿತಿ

ಬಂದ ದಿನ ಹನ್ನೆರಡು ಕೀಲುಗಳು ಊದಿದ್ದವು, ಹದಿನಾರು ಕೀಲುಗಳನ್ನು ಒತ್ತಿದರೆ ನೋಯುತ್ತಿದ್ದವು. ರುಮಟಾಯ್ಡ್ ಫ್ಯಾಕ್ಟರ್ ಮತ್ತು ಆ್ಯಂಟಿ ಸಿ.ಸಿ.ಪಿ. ಎಂಬ ಇನ್ನೊಂದು ಪ್ರತಿಕಾಯ ಎರಡೂ ಪಾಸಿಟಿವ್ ಆಗಿದ್ದವು. ಇ.ಎಸ್.ಆರ್. 92, ಉರಿಯೂತದ ಇನ್ನೊಂದು ಅಳತೆಯಾದ ಸಿ.ಆರ್.ಪಿ. 48 ಇತ್ತು. 28 ಕೀಲುಗಳ ಎಣಿಕೆಯನ್ನು ಆಧರಿಸಿ ಕಾಯಿಲೆಯ ತೀವ್ರತೆಯನ್ನು ಲೆಕ್ಕಹಾಕುವ ಡಿ.ಎ.ಎಸ್.28 ಅಂಕ 7.4 ಬಂತು, 5.1ಕ್ಕಿಂತ ಮೇಲಿದ್ದರೆ ಅದು ತೀವ್ರ ಸ್ಥಿತಿ. ರೋಗನಿರ್ಣಯದಲ್ಲಿ ಗೊಂದಲವಿರಲಿಲ್ಲ. ಗೊಂದಲವಿದ್ದದ್ದು ರಕ್ತದ ವಿಷಯದಲ್ಲಿ.

ಕೆಂಪು ಕಣಗಳ ಸರಾಸರಿ ಗಾತ್ರವನ್ನು ಹೇಳುವ ಎಂ.ಸಿ.ವಿ. 79 ಇತ್ತು, ಅಂದರೆ ಕಣಗಳು ಸ್ವಲ್ಪ ಮಾತ್ರ ಚಿಕ್ಕವು. ಸೀರಮ್ ಕಬ್ಬಿಣ 28ಕ್ಕೆ ಇಳಿದಿತ್ತು. ಇಷ್ಟನ್ನೇ ನೋಡಿದರೆ ಕಬ್ಬಿಣದ ಕೊರತೆ ಎಂದೇ ತೋರುತ್ತದೆ. ಆದರೆ ರಕ್ತದಲ್ಲಿ ಕಬ್ಬಿಣವನ್ನು ಹೊರುವ ಒಟ್ಟು ಸಾಮರ್ಥ್ಯ 230 ಮಾತ್ರ ಇತ್ತು; ನಿಜವಾದ ಕೊರತೆಯಲ್ಲಿ ಅದು ಏರಬೇಕಿತ್ತು. ದೇಹದ ಕಬ್ಬಿಣದ ದಾಸ್ತಾನನ್ನು ಸೂಚಿಸುವ ಫೆರಿಟಿನ್ 310 ಇತ್ತು. ಉರಿಯೂತವಿರುವಾಗ ಫೆರಿಟಿನ್ ತಾನಾಗಿಯೇ ಏರುವುದರಿಂದ ಅದನ್ನು ಅನುಮಾನದಿಂದಲೇ ನೋಡಬೇಕು ನಿಜ. ಆದರೂ ಉರಿಯೂತದ ನಡುವೆಯೂ ಕೊರತೆಯನ್ನು ಶಂಕಿಸಲು ಬಳಸುವ ಗಡಿ ಸುಮಾರು 100. ಆಕೆಯ ಅಂಕಿ ಅದರ ಮೂರು ಪಟ್ಟಿನಷ್ಟಿತ್ತು. ಹುಟ್ಟಿನಿಂದಲೇ ಕೆಂಪು ಕಣಗಳನ್ನು ಚಿಕ್ಕದಾಗಿಸುವ ಥಲಸೀಮಿಯಾ ವಾಹಕತೆಯಿಲ್ಲ, ಮೂತ್ರಪಿಂಡಗಳು ಸರಿಯಾಗಿವೆ ಎಂಬುದೂ ಖಚಿತವಾಯಿತು.

ಒಟ್ಟಿನಲ್ಲಿ ದೇಹದೊಳಗೆ ಕಬ್ಬಿಣವಿತ್ತು, ಮಜ್ಜೆಗೆ ತಲುಪುತ್ತಿರಲಿಲ್ಲ. ಇದು ಹೇಗೆ ಸಾಧ್ಯ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಮುಂದಿನ ಎಲ್ಲ ನಿರ್ಧಾರಗಳೂ ಇದರ ಮೇಲೆ ನಿಂತಿವೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಮುದಿಯಾದ ಕಣಗಳನ್ನು ಗುಲ್ಮ ಮತ್ತು ಯಕೃತ್ತಿನಲ್ಲಿರುವ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕಣಗಳು ನುಂಗಿ, ಅವುಗಳೊಳಗಿನ ಕಬ್ಬಿಣವನ್ನು ಬಿಡಿಸಿ ರಕ್ತಕ್ಕೆ ಹಿಂದಿರುಗಿಸುತ್ತವೆ. ಹೊಸ ಕಣಗಳನ್ನು ಕಟ್ಟಲು ಮಜ್ಜೆಗೆ ದಿನಕ್ಕೆ ಬೇಕಾಗುವ 20ರಿಂದ 25 ಮಿಲಿಗ್ರಾಂ ಕಬ್ಬಿಣದ ಬಹುಪಾಲು ಬರುವುದು ಹೀಗೆ. ಊಟದಿಂದ ಕರುಳು ಹೀರಿಕೊಳ್ಳುವುದು ದಿನಕ್ಕೆ 1ರಿಂದ 2 ಮಿಲಿಗ್ರಾಂ ಮಾತ್ರ. ಭಕ್ಷಕ ಕಣದಿಂದಾಗಲಿ ಕರುಳಿನ ಕೋಶದಿಂದಾಗಲಿ ಕಬ್ಬಿಣ ಹೊರಬರಲು ಇರುವ ದಾರಿ ಫೆರೋಪೋರ್ಟಿನ್ ಎಂಬ ಪ್ರೋಟೀನು. ಯಕೃತ್ತು ಸ್ರವಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು ಫೆರೋಪೋರ್ಟಿನ್‌ಗೆ ಅಂಟಿಕೊಂಡು ಅದನ್ನು ನಾಶಮಾಡುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಊದಿದ ಕೀಲಿನ ಒಳಪೊರೆಯಿಂದ ಹೇರಳವಾಗಿ ಬರುವ ಇಂಟರ್‌ಲ್ಯೂಕಿನ್ 6 ಎಂಬ ಸಂಕೇತವಸ್ತು ಯಕೃತ್ತಿನಲ್ಲಿ ಹೆಪ್ಸಿಡಿನ್ ಉತ್ಪಾದನೆಯನ್ನು ಏರಿಸುತ್ತದೆ. ಸೋಂಕು ತಗುಲಿದಾಗ ಸೂಕ್ಷ್ಮಜೀವಿಗಳಿಗೆ ಕಬ್ಬಿಣ ಸಿಗದಂತೆ ತಡೆಯಲು ದೇಹ ರೂಢಿಸಿಕೊಂಡ ಈ ವ್ಯವಸ್ಥೆ, ಸೋಂಕೇ ಇಲ್ಲದ ಕಾಯಿಲೆಯಲ್ಲಿ ವರ್ಷಗಟ್ಟಲೆ ಚಾಲೂ ಇರುತ್ತದೆ. ಜೊತೆಗೆ ಕೆಂಪು ಕಣ ತಯಾರಿಸಲು ಸೂಚಿಸುವ, ಮೂತ್ರಪಿಂಡದಿಂದ ಬರುವ ಎರಿಥ್ರೋಪೊಯೆಟಿನ್‌ಗೆ ಮಜ್ಜೆ ಸರಿಯಾಗಿ ಓಗೊಡುವುದಿಲ್ಲ, ಕೆಂಪು ಕಣಗಳ ಆಯುಸ್ಸೂ ಸ್ವಲ್ಪ ಕುಗ್ಗುತ್ತದೆ.

ಹಾಗಾಗಿ ಆಕೆ ನುಂಗಿದ ಕಬ್ಬಿಣದ ಬಹುಭಾಗ ಕರುಳಿನಿಂದ ರಕ್ತಕ್ಕೆ ದಾಟಲೇ ಇಲ್ಲ, ಒಳಗಿದ್ದ ದಾಸ್ತಾನೂ ಬಿಡುಗಡೆಯಾಗಲಿಲ್ಲ.

ಮೊದಲ ನಿರ್ಧಾರ

ಕಬ್ಬಿಣದ ಮಾತ್ರೆಯನ್ನು ನಿಲ್ಲಿಸಿ, ಕೀಲಿನ ಉರಿಯೂತಕ್ಕೆ ಚಿಕಿತ್ಸೆ ಆರಂಭಿಸುವುದೆಂದು ತೀರ್ಮಾನವಾಯಿತು. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ 15 ಮಿಲಿಗ್ರಾಂ, ಅದರೊಂದಿಗೆ ಫೋಲಿಕ್ ಆಮ್ಲ, ಹೈಡ್ರಾಕ್ಸಿಕ್ಲೋರೋಕ್ವಿನ್, ಮತ್ತು ಮೊದಲ ಕೆಲವು ವಾರಗಳಿಗೆ ಮಾತ್ರ ಸಣ್ಣ ಪ್ರಮಾಣದ ಪ್ರೆಡ್ನಿಸೊಲೋನ್ ಬರೆಯಲಾಯಿತು. ವಾರದ ಮಾತ್ರೆಯನ್ನು ದಿನವೂ ತೆಗೆದುಕೊಂಡರೆ ಮಜ್ಜೆಯೇ ಕುಸಿಯಬಹುದು ಎಂಬುದನ್ನು ವಿವರಿಸಿ, ವಾರದ ಯಾವ ದಿನ ಎಂಬುದನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೊಡಲಾಯಿತು.

ಕಬ್ಬಿಣ ನಿಲ್ಲಿಸುವ ಮಾತು ಮನೆಯವರಿಗೆ ಒಪ್ಪಿಗೆಯಾಗಲಿಲ್ಲ. ಜೊತೆಗೆ ಬಂದಿದ್ದ ಮಗಳು ನೇರವಾಗಿಯೇ ಕೇಳಿದಳು: “ಡಾಕ್ಟ್ರೇ, ಅಮ್ಮನಿಗೆ ರಕ್ತ ಇಲ್ಲ ಅಂತ ನೀವೇ ಹೇಳ್ತೀರಿ, ರಕ್ತದ ಮಾತ್ರೆನೂ ನೀವೇ ನಿಲ್ಲಿಸ್ತೀರಿ. ಇದು ಹ್ಯಾಗೆ?” ಅತ್ಯಂತ ನ್ಯಾಯವಾದ ಪ್ರಶ್ನೆ ಅದು. ಉತ್ತರಕ್ಕೆ ಕೊಟ್ಟ ಸಮಯ ವ್ಯರ್ಥವಾಗಲಿಲ್ಲ. ಕೀಲಿನ ಊತ ಇಳಿದರೆ ಒಳಗೆ ಸಿಕ್ಕಿಬಿದ್ದಿರುವ ಕಬ್ಬಿಣ ತಾನಾಗಿ ಬಿಡುಗಡೆಯಾಗುತ್ತದೆ, ಮೂರು ತಿಂಗಳಿಗೆ ಮತ್ತೆ ನೋಡೋಣ ಎಂದು ಹೇಳಿದಾಗ ಮಗಳು ಒಪ್ಪಿದಳು. ಮೂರು ತಿಂಗಳು ಎಂದದ್ದಕ್ಕೆ ಆಧಾರವಿತ್ತು: ಹೊಸ ಪೀಳಿಗೆಯ ಕೆಂಪು ಕಣಗಳು ಹಳೆಯವುಗಳಲ್ಲಿ ಬಹುಪಾಲಿನ ಜಾಗಕ್ಕೆ ಬರಲು ಸುಮಾರು ಅಷ್ಟು ಕಾಲ ಬೇಕು.

ಮೂರೂವರೆ ತಿಂಗಳ ಹೊತ್ತಿಗೆ ಕಬ್ಬಿಣದ ಒಂದು ಮಾತ್ರೆಯೂ ಇಲ್ಲದೆ ಹಿಮೋಗ್ಲೋಬಿನ್ 10.9ಕ್ಕೆ ಏರಿತು. ಇ.ಎಸ್.ಆರ್. 38ಕ್ಕೂ ಸಿ.ಆರ್.ಪಿ. 7ಕ್ಕೂ ಇಳಿದವು. ಮೆಥೋಟ್ರೆಕ್ಸೇಟ್ ಪ್ರಮಾಣವನ್ನು 20 ಮಿಲಿಗ್ರಾಂಗೆ ಏರಿಸಲಾಯಿತು. ಆರನೆಯ ತಿಂಗಳಿಗೆ ಹಿಮೋಗ್ಲೋಬಿನ್ 11.6, ಇ.ಎಸ್.ಆರ್. 24, ಎಂ.ಸಿ.ವಿ. 88 ಇತ್ತು, ಊದಿದ ಕೀಲು ಒಂದೂ ಇರಲಿಲ್ಲ, ಡಿ.ಎ.ಎಸ್.28 ಅಂಕ 3.1, ಅಂದರೆ ಕಡಿಮೆ ತೀವ್ರತೆಯ ಸ್ಥಿತಿ. ಪ್ರಕರಣ ಇಲ್ಲಿಗೇ ಮುಗಿದಿದ್ದರೆ ಉರಿಯೂತದ ರಕ್ತಹೀನತೆಗೆ ಒಂದು ಒಳ್ಳೆಯ ಪಾಠದ ಉದಾಹರಣೆಯಾಗುತ್ತಿತ್ತು, ಅಷ್ಟೇ.

ಎರಡನೆಯ ಸಮಸ್ಯೆ: ಸುಗ್ಗಿ ಮುಗಿಸಿ ಬಂದಾಗ

ಅಡಿಕೆ ಕೊಯ್ಲು ಶುರುವಾದ ಮೇಲೆ ಆಕೆ ತಪಾಸಣೆಗೆ ಬರಲಿಲ್ಲ. ಆ ತಿಂಗಳುಗಳ ದುಡಿಮೆಯ ಮೇಲೆ ವರ್ಷದ ಖರ್ಚು ನಿಂತಿರುವಾಗ ಒಂದು ದಿನವನ್ನು ಆಸ್ಪತ್ರೆಗೆಂದು ತೆಗೆದಿಡುವುದು ಸುಲಭವಲ್ಲ. ಸುಲಿತ ಮುಗಿಯುವ ಹೊತ್ತಿಗೆ ವಿಪರೀತ ಸುಸ್ತಾಗಿ, ಕೈನೋವೂ ಮರುಕಳಿಸಿ, ಹತ್ತಿರದ ಪಟ್ಟಣದ ಇನ್ನೊಂದು ಕೇಂದ್ರದಲ್ಲಿ ತೋರಿಸಿದರು. ಅಲ್ಲಿ ಹಿಮೋಗ್ಲೋಬಿನ್ 8.4, ಇ.ಎಸ್.ಆರ್. 64 ಬಂತು. ನೋಯುವ ಕೀಲು ಆರು, ಊದಿದ್ದು ಒಂದು. ಒಟ್ಟಾರೆ ಆರೋಗ್ಯ ಹೇಗಿದೆ ಎಂದು ಸೊನ್ನೆಯಿಂದ ನೂರರವರೆಗಿನ ಗೆರೆಯ ಮೇಲೆ ಗುರುತು ಹಾಕಲು ಹೇಳಿದಾಗ ಆಕೆ 60ರ ಬಳಿ ಗುರುತು ಹಾಕಿದರು. ಎಲ್ಲವನ್ನೂ ಸೂತ್ರಕ್ಕೆ ಹಾಕಿದಾಗ ಡಿ.ಎ.ಎಸ್.28 ಅಂಕ 5.4 ಆಯಿತು.

ಅಂಕ 5.1 ದಾಟಿದೆ, ಮೆಥೋಟ್ರೆಕ್ಸೇಟ್ ಪೂರ್ಣ ಪ್ರಮಾಣದಲ್ಲಿದೆ, ಹಿಂದೆ ಕಾಯಿಲೆ ಜೋರಿದ್ದಾಗಲೂ ಹಿಮೋಗ್ಲೋಬಿನ್ ಹೀಗೆಯೇ ಇಳಿದಿತ್ತು. ಆದ್ದರಿಂದ ಕಾಯಿಲೆ ಮರುಕಳಿಸಿದೆ, ಇಂಟರ್‌ಲ್ಯೂಕಿನ್ 6ರ ದಾರಿಯನ್ನು ತಡೆಯುವ ಟೋಸಿಲಿಜುಮ್ಯಾಬ್ ಎಂಬ ಜೈವಿಕ ಔಷಧ ಆರಂಭಿಸಬೇಕು ಎಂಬ ಸಲಹೆ ದೊರೆಯಿತು. ಅದಕ್ಕೆ ಮೊದಲು ಮಾಡಿಸಬೇಕಾದ ಕ್ಷಯ ಪರೀಕ್ಷೆಯೂ ಆಗಿತ್ತು. ಈ ತರ್ಕವನ್ನು ಹಗುರವಾಗಿ ಕಾಣುವಂತಿಲ್ಲ. ಮಾರ್ಗಸೂಚಿಗಳು ಹೇಳುವುದೂ ಅದನ್ನೇ: ಗುರಿ ತಲುಪದಿದ್ದರೆ ಚಿಕಿತ್ಸೆಯನ್ನು ಏರಿಸಿ. ಹಣ ಹೊಂದಿಸಲು ಮನೆಯವರು ಓಡಾಡತೊಡಗಿದ್ದರು. ಅಷ್ಟರಲ್ಲಿ ಮಗಳ ಒತ್ತಾಯಕ್ಕೆ ಒಮ್ಮೆ ಮೊದಲಿನ ವಿಭಾಗಕ್ಕೂ ಬಂದರು.

ವರದಿಗಳನ್ನು ಒಟ್ಟಿಗೆ ಹರಡಿ ನೋಡಿದಾಗ ಒಂದಕ್ಕೊಂದು ಹೊಂದದ ಮೂರು ಸಂಗತಿಗಳು ಎದ್ದು ಕಂಡವು. ಮೊದಲನೆಯದಾಗಿ, ಇ.ಎಸ್.ಆರ್. 64 ಇದ್ದರೂ ಸಿ.ಆರ್.ಪಿ. 6 ಮಾತ್ರ. ಎರಡನೆಯದಾಗಿ, ಎಂ.ಸಿ.ವಿ. 88ರಿಂದ 71ಕ್ಕೆ ಕುಸಿದಿತ್ತು, ಕಣಗಳ ಗಾತ್ರದ ಏರುಪೇರನ್ನು ಹೇಳುವ ಆರ್.ಡಿ.ಡಬ್ಲ್ಯು. 19ಕ್ಕೆ ಏರಿತ್ತು, ಪ್ಲೇಟ್‌ಲೆಟ್ಟುಗಳು ಐದು ಲಕ್ಷ ದಾಟಿದ್ದವು. ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವವರಲ್ಲಿ ಕೆಂಪು ಕಣಗಳು ದೊಡ್ಡದಾಗುವುದೇ ವಾಡಿಕೆ. ಅಂಥವರಲ್ಲಿ ಅವು ಇಷ್ಟು ಚಿಕ್ಕದಾಗಿವೆ ಎಂದರೆ ಬಲವಾದ ಇನ್ನೊಂದು ಕಾರಣ ಇರಲೇಬೇಕು. ಮೂರನೆಯದು ಕೈಗಳೇ ಹೇಳಿದ್ದು. ನೋಯುತ್ತಿದ್ದ ಆರು ಕೀಲುಗಳೆಂದರೆ ಬಲ ಮುಂಗೈ, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ಬುಡ, ಎರಡು ಭುಜ, ಒಂದು ಮೊಣಕಾಲು. ಎಡಗೈ ಬೆರಳುಗಳು ಸಂಪೂರ್ಣ ನೆಮ್ಮದಿಯಾಗಿದ್ದವು. ಮೊದಲ ಸಲ ಎರಡೂ ಕೈಗಳಿಗೆ ಸಮನಾಗಿ ಬಂದಿದ್ದ ಕಾಯಿಲೆ ಈಗ ಮೆಟ್ಟುಗತ್ತಿಗೆ ಕಾಯಿ ಒತ್ತುವ ಬೆರಳುಗಳನ್ನೇ ಆರಿಸಿಕೊಂಡು ಬಂದಿದೆ ಎಂದು ನಂಬುವುದು ಕಷ್ಟವಾಯಿತು. ಕೀಲುಗಳ ಅಲ್ಟ್ರಾಸೌಂಡ್ ಮಾಡಿದಾಗ ಬಲ ಮುಂಗೈಯಲ್ಲಿ ಅಲ್ಪ ಉರಿಯೂತ ಬಿಟ್ಟರೆ ಉಳಿದ ಕಡೆ ಏನೂ ಕಾಣಲಿಲ್ಲ.

ಅಂಕಿ ಹಾಗೇಕೆ ಏರಿತು

ಇಲ್ಲಿ ಇ.ಎಸ್.ಆರ್. ಬಗ್ಗೆ ತುಸು ನಿಲ್ಲಬೇಕು. ಸ್ವೀಡನ್ನಿನ ಆಲ್ಫ್ ವೆಸ್ಟರ್ಗ್ರೆನ್ 1921ರಲ್ಲಿ ರೂಪಿಸಿದ ವಿಧಾನ ಇಂದಿಗೂ ಇದರ ಮಾದರಿ. ಕೆಂಪು ಕಣಗಳ ಮೇಲ್ಮೈಯಲ್ಲಿ ಋಣ ವಿದ್ಯುದಾವೇಶ ಇರುವುದರಿಂದ ಅವು ಸಾಮಾನ್ಯವಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಉರಿಯೂತವಿರುವಾಗ ರಕ್ತದಲ್ಲಿ ಹೆಚ್ಚುವ ಪ್ರೋಟೀನುಗಳಾದ ಫೈಬ್ರಿನೋಜನ್ ಮತ್ತು ಇಮ್ಯುನೋಗ್ಲೋಬ್ಯುಲಿನ್‌ಗಳು ಈ ವಿಕರ್ಷಣೆಯನ್ನು ಮಣಿಸುತ್ತವೆ. ಆಗ ಕಣಗಳು ನಾಣ್ಯಗಳನ್ನು ಪೇರಿಸಿದಂತೆ ಒಂದಕ್ಕೊಂದು ಅಂಟಿ, ತೂಕ ಹೆಚ್ಚಿ, ಬೇಗ ಕೆಳಗಿಳಿಯುತ್ತವೆ. ಆದರೆ ಇಳಿಯುವ ವೇಗ ಕಣಗಳ ಸಾಂದ್ರತೆಯನ್ನೂ ಅವಲಂಬಿಸಿದೆ. ರಕ್ತಹೀನತೆಯಲ್ಲಿ ಕಣಗಳ ದಟ್ಟಣೆ ಕಡಿಮೆ. ಮೇಲೇರುವ ಪ್ಲಾಸ್ಮಾದ ಅಡ್ಡಿಯೂ ಕಡಿಮೆ. ಉರಿಯೂತ ಹೆಚ್ಚದಿದ್ದರೂ ಕಣಗಳು ಬೇಗ ಇಳಿಯುತ್ತವೆ. ಕಣಗಳು ತೀರ ಚಿಕ್ಕದಾದರೆ ವೇಗ ತಗ್ಗಬೇಕು ಎಂಬುದೂ ನಿಜ, ಆದರೆ ಎಲ್ಲ ರೋಗಿಗಳಲ್ಲೂ ಆ ಪರಿಣಾಮವೇ ಮೇಲುಗೈ ಸಾಧಿಸುವುದಿಲ್ಲ. ಈಕೆಯಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಸೇರಿದಂತೆ ಇಮ್ಯುನೋಗ್ಲೋಬ್ಯುಲಿನ್‌ಗಳ ಮಟ್ಟ ಮೇಲೆಯೇ ಉಳಿದಿತ್ತು, ಅದರ ಮೇಲೆ ರಕ್ತಹೀನತೆಯೂ ಸೇರಿತು. ಸಿ.ಆರ್.ಪಿ. ಹಾಗಲ್ಲ, ಅದು ಯಕೃತ್ತು ತಯಾರಿಸುವ ಪ್ರೋಟೀನಿನ ನೇರ ಅಳತೆ, ಕೆಂಪು ಕಣಗಳ ಹಂಗು ಅದಕ್ಕಿಲ್ಲ.

ಅದೇ ಕೀಲುಗಳ ಎಣಿಕೆಯನ್ನು ಇಟ್ಟುಕೊಂಡು ಇ.ಎಸ್.ಆರ್. ಬದಲು ಸಿ.ಆರ್.ಪಿ. ಹಾಕುವ ಸೂತ್ರದಿಂದ ಲೆಕ್ಕಹಾಕಿದಾಗ ಅಂಕ 5.4ರಿಂದ 4.2ಕ್ಕೆ ಇಳಿಯಿತು. ಎರಡು ಸೂತ್ರಗಳ ಅಂಕಗಳು ತದ್ವತ್ ಒಂದೇ ಆಗಿರುವುದಿಲ್ಲವಾದರೂ ಇಷ್ಟು ಅಂತರ ಎಚ್ಚರಿಸುವಂಥದ್ದು. ಉಳಿದ 4.2ರಲ್ಲೂ ಸುಮಾರು ಐದನೇ ಒಂದು ಪಾಲು ಆಕೆ ಗೆರೆಯ ಮೇಲೆ ಹಾಕಿದ 60ರ ಗುರುತಿನದಾಗಿತ್ತು. ಹಾಗೇಕೆ ಹಾಕಿದಿರಿ ಎಂದು ಕೇಳಿದಾಗ ಆಕೆ ಕೀಲಿನ ಮಾತನ್ನೇ ಎತ್ತಲಿಲ್ಲ. “ನಾಲ್ಕು ಹೆಜ್ಜೆ ಹತ್ತಿದ್ರೆ ಎದೆ ಹೊಡ್ಕೊಳ್ತದೆ, ಕಣ್ಣು ಕತ್ತಲೆ ಬರ್ತದೆ” ಎಂದರು. ರಕ್ತಹೀನತೆ ಈ ಅಂಕದೊಳಗೆ ಎರಡು ಬಾಗಿಲುಗಳಿಂದ ಪ್ರವೇಶಿಸಿತ್ತು: ಒಮ್ಮೆ ಇ.ಎಸ್.ಆರ್. ಮೂಲಕ, ಇನ್ನೊಮ್ಮೆ ಸುಸ್ತಿನ ಮೂಲಕ. ಈ ಪ್ರಕರಣದಿಂದ ಕಲಿಯಬೇಕಾದದ್ದರಲ್ಲಿ ಅತ್ಯಂತ ಮುಖ್ಯವಾದದ್ದು ಇದೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಎರಡನೆಯ ಬಾಗಿಲನ್ನು ಸಿ.ಆರ್.ಪಿ. ಸೂತ್ರ ಕೂಡ ಮುಚ್ಚುವುದಿಲ್ಲ.

ತಿರುವು

ಕಬ್ಬಿಣದ ಪರೀಕ್ಷೆಗಳನ್ನು ಮತ್ತೆ ಮಾಡಿಸಿದಾಗ ಫೆರಿಟಿನ್ 22, ಸೀರಮ್ ಕಬ್ಬಿಣ 22, ಕಬ್ಬಿಣ ಹೊರುವ ಸಾಮರ್ಥ್ಯ 410 ಬಂತು. ವರ್ಷದ ಹಿಂದೆ 310 ಇದ್ದ ಫೆರಿಟಿನ್ ಹದಿನಾಲ್ಕರಲ್ಲಿ ಒಂದು ಪಾಲಾಗಿತ್ತು. ಉರಿಯೂತ ಶಮನವಾದಾಗ ಫೆರಿಟಿನ್ ಸ್ವಲ್ಪ ಇಳಿಯುವುದು ನಿರೀಕ್ಷಿತವೇ, ಆದರೆ ಕಬ್ಬಿಣ ಹೊರುವ ಸಾಮರ್ಥ್ಯ ಹೀಗೆ ಏರಿರುವಾಗ ಇದು ಕಬ್ಬಿಣದ ನಿಜವಾದ ಕೊರತೆ ಎಂಬುದರಲ್ಲಿ ಸಂದೇಹ ಉಳಿಯಲಿಲ್ಲ. ಮುಟ್ಟು ನಿಂತ ಮಹಿಳೆಯಲ್ಲಿ ದಾಸ್ತಾನು ಇಷ್ಟು ಬೇಗ ಬರಿದಾಗಿದೆ ಎಂದರೆ ರಕ್ತ ಎಲ್ಲೋ ಸೋರುತ್ತಿದೆ ಎಂದೇ ತಿಳಿದು ಹುಡುಕಬೇಕು.

ಮಲದ ಬಣ್ಣ ಹೇಗಿದೆ ಎಂದು ವಿಚಾರಿಸಲಾಯಿತು. “ಕಪ್ಪಗೇ ಹೋಗ್ತದೆ. ಕಬ್ಬಿಣದ ಮಾತ್ರೆ ತಗೊಂಡ್ರೆ ಹಾಗೇ ಅಂತ ಮೊದಲೇ ಹೇಳಿದ್ರಲ್ಲ” ಎಂಬ ಉತ್ತರ ಬಂತು. ಸುಸ್ತು ಶುರುವಾದಾಗ ಆಕೆ ಹಳೆಯ ಕಬ್ಬಿಣದ ಮಾತ್ರೆಗಳನ್ನು ತಾವಾಗಿಯೇ ಮತ್ತೆ ಆರಂಭಿಸಿದ್ದರು. ಆದರೆ ಮಾತ್ರೆ ಶುರುಮಾಡುವುದಕ್ಕೂ ಮೊದಲೇ ಬಣ್ಣ ಕಪ್ಪಾಗಿತ್ತೇ ಎಂದು ಬಿಡಿಸಿ ಕೇಳಿದಾಗ, ಸ್ವಲ್ಪ ಯೋಚಿಸಿ, ಹೌದು, ದೀಪಾವಳಿಯ ಹೊತ್ತಿಗೇ ಹಾಗಿತ್ತು, ಡಾಂಬರಿನಂತೆ ಅಂಟಂಟಾಗಿ ವಾಸನೆಯೂ ಇತ್ತು ಎಂದರು. ಕಬ್ಬಿಣದಿಂದ ಕಪ್ಪಾದ ಮಲಕ್ಕೆ ಈ ಅಂಟೂ ಈ ವಾಸನೆಯೂ ಇರುವುದಿಲ್ಲ. ಜಠರದಲ್ಲಿ ಸೋರಿದ ರಕ್ತ ಜೀರ್ಣವಾಗಿ ಹೊರಬಂದಾಗ ಇರುತ್ತದೆ.

ನೋವಿಗೆ ಏನು ತೆಗೆದುಕೊಳ್ಳುತ್ತೀರಿ ಎಂಬ ಪ್ರಶ್ನೆಗೆ ಮೊದಲು ಏನೂ ಇಲ್ಲ ಎಂದರು. ಮಗಳು ಚೀಲದಿಂದ ಕಾಗದದ ಸಣ್ಣ ಪೊಟ್ಟಣವೊಂದನ್ನು ತೆಗೆದಿಟ್ಟಳು. ಅಂಗಡಿಯಲ್ಲಿ ಬಿಡಿಬಿಡಿಯಾಗಿ ಕೊಂಡ ಡೈಕ್ಲೋಫೆನಾಕ್ ಮಾತ್ರೆಗಳು ಅದರಲ್ಲಿದ್ದವು. ಸುಲಿತದ ಕಾಲದಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಾಫಿಯೊಂದಿಗೆ ಒಂದು, ರಾತ್ರಿ ಮತ್ತೆ ಕತ್ತಿಯ ಮುಂದೆ ಕೂರುವ ಮುನ್ನ ಇನ್ನೊಂದು. ಅದು ಔಷಧವೆಂದು ಆಕೆ ಎಣಿಸಿರಲಿಲ್ಲ. ಸುಲಿಯಲು ಬರುವ ಹಲವರು ತೆಗೆದುಕೊಳ್ಳುತ್ತಾರೆ ಎಂದರು. ಈ ಗುಂಪಿನ ನೋವುನಿವಾರಕಗಳು ಜಠರದ ಒಳಪೊರೆಯನ್ನು ಕಾಯುವ ಪ್ರೋಸ್ಟಗ್ಲಾಂಡಿನ್‌ಗಳನ್ನು ತಡೆದು ಹುಣ್ಣು ಮಾಡುತ್ತವೆ. ಮೂತ್ರಪಿಂಡದಿಂದ ಮೆಥೋಟ್ರೆಕ್ಸೇಟ್ ಹೊರಹೋಗುವುದನ್ನೂ ಅವು ನಿಧಾನಗೊಳಿಸಬಲ್ಲವು. ಅದೃಷ್ಟಕ್ಕೆ ಬಿಳಿ ರಕ್ತಕಣಗಳೂ ಮೂತ್ರಪಿಂಡದ ಪರೀಕ್ಷೆಯೂ ಸರಿಯಾಗಿದ್ದವು.

ಎಂಡೋಸ್ಕೋಪಿಯಲ್ಲಿ ಜಠರದ ಕೆಳಭಾಗದಲ್ಲಿ ಹುಣ್ಣು ಕಂಡಿತು. ಅಲ್ಲಿಂದ ತೆಗೆದ ಚೂರಿನಲ್ಲಿ ಕ್ಯಾನ್ಸರ್ ಇರಲಿಲ್ಲ, ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕು ಇತ್ತು. ಕಾರಣ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸದೆ ದೊಡ್ಡ ಕರುಳಿನ ಕೊಲೊನೋಸ್ಕೋಪಿಯನ್ನೂ ಮಾಡಿಸಲಾಯಿತು. ಈ ವಯಸ್ಸಿನಲ್ಲಿ ಕಬ್ಬಿಣದ ಕೊರತೆಗೆ ಎರಡೂ ಕಡೆ ನೋಡುವುದು ಕ್ರಮ. ಅದು ಸಹಜವಾಗಿತ್ತು.

ಎರಡನೆಯ ನಿರ್ಧಾರ

ಟೋಸಿಲಿಜುಮ್ಯಾಬ್ ಬೇಡ ಎಂದು ತೀರ್ಮಾನಿಸಲಾಯಿತು. ಅದನ್ನು ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈ ನಿರ್ಧಾರದ ತೂಕ ತಿಳಿಯುತ್ತದೆ. ಇಂಟರ್‌ಲ್ಯೂಕಿನ್ 6ರ ದಾರಿ ಮುಚ್ಚಿದೊಡನೆ ಫೈಬ್ರಿನೋಜನ್ ಇಳಿದು ಇ.ಎಸ್.ಆರ್. ಕುಸಿಯುತ್ತಿತ್ತು, ಅಂಕ ಸುಂದರವಾಗಿ ಕಾಣುತ್ತಿತ್ತು, ಔಷಧ ಫಲಿಸಿತೆಂದು ಎಲ್ಲರೂ ನಂಬುತ್ತಿದ್ದೆವು. ಒಳಗೆ ಹುಣ್ಣು ಹಾಗೆಯೇ ಇರುತ್ತಿತ್ತು. ಜಠರ ಮತ್ತು ಕರುಳಿನಲ್ಲಿ ರಂಧ್ರ ಬೀಳುವ ಅಪಾಯ ಆ ಔಷಧಕ್ಕೆ ಇದೆ ಎಂಬುದು ತಿಳಿದ ವಿಷಯ; ನೋವುನಿವಾರಕಗಳನ್ನು ಜೊತೆಗೆ ತೆಗೆದುಕೊಳ್ಳುವವರಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು.

ಡೈಕ್ಲೋಫೆನಾಕ್ ನಿಲ್ಲಿಸಿ, ಆಮ್ಲ ತಗ್ಗಿಸುವ ಮಾತ್ರೆ ಮತ್ತು ಸೋಂಕಿಗೆ ಆ್ಯಂಟಿಬಯಾಟಿಕ್ ಚಿಕಿತ್ಸೆ ಕೊಡಲಾಯಿತು. ಕಬ್ಬಿಣವನ್ನು ಬಾಯಿಂದ ಕೊಡಬೇಕೋ ರಕ್ತನಾಳದ ಮೂಲಕವೋ ಎಂಬುದು ಚರ್ಚೆಯಾಯಿತು. ಉರಿಯೂತ ಹತೋಟಿಯಲ್ಲಿ ಇದ್ದುದರಿಂದ ಈ ಸಲ ಮಾತ್ರೆಯೂ ಕೆಲಸ ಮಾಡಬಹುದಿತ್ತು. ಆದರೆ ಆಮ್ಲ ತಗ್ಗಿಸುವ ಔಷಧ ಕಬ್ಬಿಣದ ಹೀರಿಕೆಯನ್ನು ಕುಂದಿಸುತ್ತದೆ. ಮಾತ್ರೆಯಿಂದ ಮಲ ಕಪ್ಪಾದರೆ ರಕ್ತಸ್ರಾವ ನಿಂತಿದೆಯೇ ಇಲ್ಲವೇ ಎಂದು ತಿಳಿಯುವ ಒಂದೇ ಸುಲಭ ದಾರಿಯೂ ಮುಚ್ಚುತ್ತದೆ. ಎರಡನೆಯ ಕಾರಣವೇ ನಿರ್ಣಾಯಕವಾಯಿತು. ಆಕೆಯ ತೂಕ 48 ಕಿಲೋ. ಹಿಮೋಗ್ಲೋಬಿನ್ 15ಕ್ಕೆ ತಲುಪಲು ಮತ್ತು ದಾಸ್ತಾನು ತುಂಬಲು ಬೇಕಾದ ಒಟ್ಟು ಕಬ್ಬಿಣ ಸೂತ್ರದ ಪ್ರಕಾರ ಸುಮಾರು 1,260 ಮಿಲಿಗ್ರಾಂ. ಅದನ್ನು ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ರೂಪದಲ್ಲಿ ಎರಡು ಭೇಟಿಗಳಲ್ಲಿ ನಿಧಾನವಾಗಿ ರಕ್ತನಾಳಕ್ಕೆ ಕೊಡಲಾಯಿತು. ರಕ್ತ ಕೊಡಿಸಬೇಕೇ ಎಂದು ಮನೆಯವರು ಕೇಳಿದರು. ರಕ್ತದೊತ್ತಡ, ನಾಡಿ ಸ್ಥಿರವಾಗಿದ್ದುದರಿಂದ ಬೇಕಾಗಲಿಲ್ಲ.

ಮೆಥೋಟ್ರೆಕ್ಸೇಟ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್ ಎಂದಿನ ಪ್ರಮಾಣದಲ್ಲೇ ಮುಂದುವರಿದವು. ಕೀಲುಗಳಿಗೆಂದು ಹೊಸದಾಗಿ ಏನನ್ನೂ ಸೇರಿಸಲಿಲ್ಲ. ಬಲ ಮುಂಗೈಗೆ ಆಧಾರಪಟ್ಟಿ ಕೊಟ್ಟು, ನೋವಿಗೆ ಪ್ಯಾರಾಸಿಟಮಾಲ್ ಮಾತ್ರ ಎಂದು ಬರೆಯಲಾಯಿತು.

ಏನಾಯಿತು

ಒಂದು ವಾರದೊಳಗೆ ರೆಟಿಕ್ಯುಲೋಸೈಟ್, ಅಂದರೆ ಮಜ್ಜೆಯಿಂದ ಈಗತಾನೇ ಹೊರಬಂದ ಎಳೆಯ ಕೆಂಪು ಕಣಗಳ ಪ್ರಮಾಣ ಏರಿತು. ಎರಡು ತಿಂಗಳಿಗೆ ಹಿಮೋಗ್ಲೋಬಿನ್ 11.9, ಎಂ.ಸಿ.ವಿ. 84 ಆಯಿತು. ಇ.ಎಸ್.ಆರ್. 64ರಿಂದ 26ಕ್ಕೆ ಇಳಿಯಿತು. ಮಹಿಳೆಯರಲ್ಲಿ ವಯಸ್ಸಿಗೆ ಹತ್ತು ಸೇರಿಸಿ ಎರಡರಿಂದ ಭಾಗಿಸಿದರೆ ಬರುವ ಸ್ಥೂಲ ಮಿತಿಯೊಳಗೇ ಅದು ಇತ್ತು. ಗೆರೆಯ ಮೇಲಿನ ಗುರುತನ್ನು ಆಕೆ ಈ ಸಲ 20ರ ಬಳಿ ಹಾಕಿದರು. ಡಿ.ಎ.ಎಸ್.28 ಮತ್ತೆ 3.1ಕ್ಕೆ ಬಂತು. ಕೀಲಿನ ಔಷಧವನ್ನು ಎಳ್ಳಷ್ಟೂ ಬದಲಿಸದೆ ಕೀಲಿನ ಕಾಯಿಲೆಯ ಅಂಕ 5.4ರಿಂದ 3.1ಕ್ಕೆ ಇಳಿದಿತ್ತು. ಕೈಗೆ ವಿಶ್ರಾಂತಿ ಸಿಕ್ಕಿದ್ದೂ ಇದಕ್ಕೆ ನೆರವಾಗಿರಬೇಕು, ಸುಲಿತ ಆಗ ಮುಗಿದಿತ್ತು.

ಒಂದು ಉಪಕಥೆಯೂ ಇದೆ. ಕಬ್ಬಿಣದ ಕೊರತೆ ಇದ್ದಾಗ ಇನ್ನೊಂದು ಕೇಂದ್ರದಲ್ಲಿ ಮಾಡಿಸಿದ, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ 6.6 ಬಂದು, ಸಕ್ಕರೆ ಕಾಯಿಲೆ ಎಂದು ಬರೆಯಲಾಗಿತ್ತು. ಖಾಲಿ ಹೊಟ್ಟೆಯ ಸಕ್ಕರೆ ಮಾತ್ರ ಸಹಜವಾಗಿತ್ತು. ಎಚ್‌ಬಿಎ1ಸಿ ಕೂಡ ಕೆಂಪು ಕಣದ ಮೇಲೆಯೇ ಅಳೆಯುವ ಅಂಕಿ; ಕಬ್ಬಿಣದ ಕೊರತೆಯಲ್ಲಿ ಅದು ಸುಳ್ಳಾಗಿ ಏರಬಲ್ಲದು. ಕೊರತೆ ನೀಗಿದ ಮೇಲೆ 5.8 ಬಂತು, ಸಕ್ಕರೆಯ ಮಾತ್ರೆ ಬೇಕಾಗಲಿಲ್ಲ.

ಈ ಪ್ರಕರಣ ಹೇಳುವುದು

ರುಮಟಾಯ್ಡ್ ಸಂಧಿವಾತದಲ್ಲಿ ಹಿಮೋಗ್ಲೋಬಿನ್ ಇಳಿದಾಗ, ಹಿಂದಿನ ಸಲದ ಕಾರಣವನ್ನೇ ಈ ಸಲಕ್ಕೂ ಅನ್ವಯಿಸುವುದು ದೊಡ್ಡ ಅಪಾಯ. ಈಕೆಯಲ್ಲಿ ಮೊದಲ ಸಲ ಕಬ್ಬಿಣ ಕೊಟ್ಟದ್ದು ನಿಷ್ಫಲವಾಯಿತು, ಉರಿಯೂತ ಇಳಿಸಿದ್ದು ಫಲಿಸಿತು. ಎರಡನೆಯ ಸಲ ಉರಿಯೂತದ ಔಷಧ ಏರಿಸುವುದು ನಿಷ್ಫಲವಾಗುತ್ತಿತ್ತು, ಕಬ್ಬಿಣ ಕೊಟ್ಟದ್ದು ಫಲಿಸಿತು. ಇವೆರಡನ್ನು ಬೇರ್ಪಡಿಸಿದ್ದು ಯಾವುದೇ ದುಬಾರಿ ಪರೀಕ್ಷೆಯಲ್ಲ. ಎಂ.ಸಿ.ವಿ. ಯಾವ ದಿಕ್ಕಿಗೆ ಹೋಗುತ್ತಿದೆ ಎಂಬುದು ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಇತ್ತು; ಫೆರಿಟಿನ್ ತಾಲ್ಲೂಕು ಮಟ್ಟದ ಪ್ರಯೋಗಾಲಯಗಳಲ್ಲೂ ಮಾಡಿಸಬಹುದಾದದ್ದು. ಎರಡೂ ಕಾರಣಗಳು ಒಬ್ಬರಲ್ಲೇ ಏಕಕಾಲಕ್ಕೆ ಬೆರೆತಿರುವ ಪ್ರಕರಣಗಳು ಇದಕ್ಕಿಂತ ಕಠಿಣ, ಮತ್ತು ಅವು ಅಪರೂಪವೇನಲ್ಲ. ಫೆರಿಟಿನ್ 30ಕ್ಕೂ 100ಕ್ಕೂ ನಡುವೆ ಇದ್ದಾಗ ಒಂದೇ ಅಂಕಿಯನ್ನು ನಂಬದೆ ಕಬ್ಬಿಣದ ಎಲ್ಲ ಪರೀಕ್ಷೆಗಳನ್ನೂ ಸಿ.ಆರ್.ಪಿ. ಜೊತೆಗಿಟ್ಟು ಓದಬೇಕಾಗುತ್ತದೆ.

ಇ.ಎಸ್.ಆರ್. ಮತ್ತು ಸಿ.ಆರ್.ಪಿ. ಬೇರೆ ಬೇರೆ ಮಾತು ಹೇಳುತ್ತಿರುವಾಗ, ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡದೆ ಜೈವಿಕ ಔಷಧದ ನಿರ್ಧಾರಕ್ಕೆ ಹೋಗಬಾರದು ಎಂಬುದನ್ನು ನಾನು ಖಚಿತವಾಗಿ ಹೇಳಬಲ್ಲೆ. ನೋವಿನ ಮಾತ್ರೆಯ ಬಗ್ಗೆ ಕೇಳುವಾಗ “ಔಷಧ ತಗೊಳ್ತೀರಾ” ಎಂಬ ಪ್ರಶ್ನೆ ಸಾಲದು; ಅಂಗಡಿಯಿಂದ ಬಿಡಿಯಾಗಿ ತಂದದ್ದು, ಪಕ್ಕದ ಮನೆಯವರು ಕೊಟ್ಟದ್ದು, ಕೆಲಸದ ಜಾಗದಲ್ಲಿ ಹಂಚಿಕೊಂಡದ್ದು ಎಂದು ಬಿಡಿಬಿಡಿಯಾಗಿ ಕೇಳಬೇಕು, ಸಾಧ್ಯವಾದರೆ ಚೀಲ ತರಲು ಹೇಳಬೇಕು. ಕಬ್ಬಿಣದ ಮಾತ್ರೆ ಬರೆಯುವವರು ಮಲ ಕಪ್ಪಾಗುತ್ತದೆ ಎಂದು ಧೈರ್ಯ ಹೇಳುವುದು ಸರಿಯೇ, ಅದರೊಂದಿಗೆ ಡಾಂಬರಿನಂತೆ ಅಂಟಾಗಿದ್ದರೆ ತಕ್ಷಣ ಬನ್ನಿ ಎಂಬ ಇನ್ನೊಂದು ವಾಕ್ಯವನ್ನೂ ಸೇರಿಸಬೇಕು.

ಮುಂದಿನ ಸುಗ್ಗಿಗೆ ಮೊದಲೇ ಆಕೆಯೊಂದಿಗೆ ಕುಳಿತು ಮಾತಾಡಲಾಯಿತು. ಸುಲಿಯುವುದನ್ನು ಪೂರ್ತಿ ಬಿಡಿ ಎಂದು ಹೇಳಲು ಯಾರಿಗೂ ಅಧಿಕಾರವಿರಲಿಲ್ಲ, ಆ ಆದಾಯಕ್ಕೆ ಬದಲಿ ನಮ್ಮಲ್ಲಿ ಇರಲಿಲ್ಲ. ಹಗಲು ಒಣಗಿದ ಅಡಿಕೆ ಆರಿಸುವ ಕೆಲಸ ಹಿಡಿದು, ರಾತ್ರಿ ಸುಲಿಯುವುದನ್ನು ಮಾತ್ರ ಬಿಡುವುದಕ್ಕೆ ಆಕೆ ಒಪ್ಪಿದರು. ಕೊಯ್ಲಿನ ನಡುವೆ ಆಸ್ಪತ್ರೆಗೆ ಬರಲಾಗದಿದ್ದರೂ ಊರಿನ ಹತ್ತಿರವೇ ರಕ್ತಪರೀಕ್ಷೆ ಮಾಡಿಸಿ, ವರದಿಯನ್ನು ಮಗಳ ಮೊಬೈಲಿನಿಂದ ಕಳುಹಿಸುವ ಏರ್ಪಾಡಾಯಿತು. ಆ ಸುಗ್ಗಿಯ ನಡುವೆ ಬಂದ ವರದಿಯಲ್ಲಿ ಹಿಮೋಗ್ಲೋಬಿನ್ 11.7, ಎಂ.ಸಿ.ವಿ. 90, ಸಿ.ಆರ್.ಪಿ. 5 ಇತ್ತು. ಬಲ ಮುಂಗೈಯ ಎಕ್ಸ್‌ರೇಯಲ್ಲಿ ಮೂಳೆ ಸವೆತದ ಒಂದು ಸಣ್ಣ ಗುರುತು ಕಂಡಿರುವುದರಿಂದ ಆ ಕೀಲಿನ ಮೇಲೆ ನಿಗಾ ಮುಂದುವರಿದಿದೆ. ಅದು ಹೆಚ್ಚಿದರೆ ಜೈವಿಕ ಔಷಧದ ಪ್ರಶ್ನೆ ಮತ್ತೆ ಬರುತ್ತದೆ, ಆದರೆ ಆಗ ಅದಕ್ಕೆ ಆಧಾರ ಕೀಲಿನಲ್ಲಿ ಕಂಡ ಹಾನಿಯಾಗಿರುತ್ತದೆ.